ಹಗಲು ಕಥೆಗೆ ದಾರಿ ತಪ್ಪಿದ ಟಿಪ್ಪರ್‌ಗಳು

ಹಗಲು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ನಮ್ಮೂರಿನಲ್ಲಿ ಹಸುಗೂಸಿಗೂ ಗೊತ್ತು. ನಾನು ನಂಬುತ್ತಿರಲಿಲ್ಲ. ಬಿ.ಎ. ಓದಿದವಳು, ಸ್ವಂತ ಹೊಲಿಗೆ ಮಷಿನ್ ಇಟ್ಟವಳು, ಇಂಥದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಆದರೆ ಸಿಟ್ಟು ಬಂದರೆ ನಾನು ಏನನ್ನಾದರೂ ನಂಬಿಬಿಡುತ್ತೇನೆ.

ಸಿಟ್ಟು ಬರಿಸಿದವನು ಗ್ಯಾನಪ್ಪ ಮಾಮಾ, ನನ್ನ ಅವ್ವ ಪಕ್ಕೀರವ್ವನ ಒಬ್ಬನೇ ತಮ್ಮ. ನನ್ನನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಹುಲಿಹೈದರದ ಶಾಲೆಗೆ ಬಿಡುತ್ತಿದ್ದವನು ಇವನೇ. ಈಗ ಟಿಪ್ಪರ್ ಓಡಿಸುತ್ತಾನೆ. ಯಾವುದೋ ಕಾರ್ಖಾನೆಯ ಕರಿ ಬೂದಿ ತಂದು ನಮ್ಮ ಹಳ್ಳಕ್ಕೆ ಸುರಿಯುತ್ತಾನೆ. ಅದೇ ಹಳ್ಳದ ಉಸುಕಿನಲ್ಲಿ ತೋಡಿದ ವರತೆಯ ನೀರನ್ನೇ ನಾವು ಕುಡಿಯುವುದು. ಬೂದಿ ಇನ್ನು ಹತ್ತು ಮಾರು ಮುಂದೆ ಬಂದರೆ ವರತೆ ಮುಚ್ಚಿಹೋಗುತ್ತದೆ.

"ನಾಚಿಕಿ ಬರಂಗಿಲ್ಲೇನು ಮಾಮಾ ನಿನಗ?" ಎಂದೆ.

"ನಾ ಸುರುವಲಿಲ್ಲಂದ್ರ ಇನ್ನೊಬ್ಬ ಸುರುವತಾನ ಅನುಷಾ. ಏಳು ಗಾಡಿ ಅದಾವು," ಎಂದು ಹಲ್ಲು ಕಿರಿದು ಗಾಡಿ ಹತ್ತಿದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ವರತೆಯ ಪಕ್ಕ ಕುಳಿತು, ಬೂದಿ ತಿನ್ನುವ ಚಟ ಹತ್ತಿದ ಒಬ್ಬ ರಾಜನ ಕಥೆ ಶುರು ಮಾಡಿದೆ. ನೀರಿಗೆ ಬಂದ ಪಾರಮ್ಮಜ್ಜಿ ಕೊಡ ಇಳಿಸಿ, "ಹ್ಞೂಂ ಅನ್ನಾಕ ಒಬ್ಬರು ಬೇಕಲ್ಲವಾ, ಇಲ್ಲಂದ್ರ ಅದು ಕತಿ ಅಲ್ಲ, ಬಡಬಡಿಕಿ," ಎಂದು ಎದುರಿಗೆ ಕುಳಿತಳು.

ಮಧ್ಯಾಹ್ನ ಮಾಮಾನ ಫೋನ್ ಬಂತು. "ಅನುಷಾ, ನಾ ಕುಷ್ಟಗ್ಯಾಗ ಅದೀನಿ. ಹೆಂಗ ಬಂದ್ನಿ?"

ಊರೆಲ್ಲ ಹೌಹಾರಿತು, ಆಮೇಲೆ ಕುಣಿಯಿತು. ಆದರೆ ಉಳಿದ ಆರು ಟಿಪ್ಪರ್ ಬಂದೇ ಬಂದವು. ಬರದೆ ಏನು, ಅವರು ನನಗೆ ಸೋದರಮಾವಂದಿರಲ್ಲವಲ್ಲ! ವಿಚಾರಿಸಿ ನೋಡಿದೆವು. ಐವರಿಗೆ ಸುತ್ತಲ ಊರುಗಳಲ್ಲಿ ಅಕ್ಕನ ಮಕ್ಕಳಿದ್ದರು, ಅವರನ್ನು ಕರೆಸಿ ಕಥೆ ಹೇಳಲು ಕೂಡಿಸಿದೆವು; ಆ ಐದು ಗಾಡಿಗಳೂ ದಾರಿ ತಪ್ಪಿದವು. ಆರನೆಯ ಗಾಡಿಯ ಉಮರಸಾಬನಿಗೆ ಮಾತ್ರ ಅಕ್ಕತಂಗಿಯರೇ ಇರಲಿಲ್ಲ.

"ಬಾಯಿ ತುಂಬ ಮಾಮಾ ಅಂದ್ರ ಮುಗೀತು, ಮಾಮಾನ ಆದ," ಎಂದು ಪಾರಮ್ಮಜ್ಜಿ ತೀರ್ಪು ಕೊಟ್ಟಳು. ಹುಡುಗಿಯರು ಅವನ ಗಾಡಿ ತಡೆದು, ಮಂಡಕ್ಕಿ ಮಿರ್ಚಿ ಕೊಟ್ಟು, ಮಾಮಾ ಮಾಮಾ ಎಂದರು. ಅವನು ಟವೆಲಿನಿಂದ ಕಣ್ಣೊರೆಸಿಕೊಂಡ. ಮರುದಿನ ಅವನ ಟಿಪ್ಪರ್ ವಿರೂಪಾಪುರಗಡ್ಡೆಯಲ್ಲಿ, ನಾಟಿ ಮಾಡುವ ಹೆಂಗಸರ ನಡುವೆ ನಿಂತಿತ್ತು.

ಹಳ್ಳದ ದಂಡೆಯೇ ಊರಾಯಿತು. ರೊಟ್ಟಿ ಅಲ್ಲೇ, ಜಗಳ ಅಲ್ಲೇ. ಬದುವಿನ ತಂಟೆಗೆ ಒಂಬತ್ತು ವರ್ಷ ಮುಖ ನೋಡದ ಹಂಪಣ್ಣ, ಸಿದ್ದೇಶ ಇಬ್ಬರೂ ಬೇರೆ ದಾರಿಯಿಲ್ಲದೆ ಒಬ್ಬರ ಕಥೆಗೆ ಒಬ್ಬರು ಹ್ಞೂಂ ಅಂದರು. ಅಷ್ಟರಲ್ಲಿ ಬೇರೆ ಊರುಗಳಿಂದ ಫೋನ್ ಬರತೊಡಗಿದವು: "ನಿಮ್ಮ ಮಾಮಾಗೋಳು ದಾರಿ ತಪ್ಪಿ ನಮ್ಮ ಕೆರಿಗೆ ಬಂದಾರ್ರಿ, ಏನ್ ಮಾಡೂಣ್ರಿ?" ನಾವು ಉಪಾಯ ಹೇಳಿಕೊಟ್ಟೆವು. ಯಲಬುರ್ಗಾದಿಂದ ಗಂಗಾವತಿಯವರೆಗೆ ಹಾಡುಹಗಲೇ ಕಥೆ ಶುರುವಾಯಿತು.

ಐದನೆಯ ದಿನ ಅವ್ವ ಊಟ ಬಿಟ್ಟಳು. "ನಿನ್ನ ಕತಿಗೆ ಬೆಂಕಿ ಹತ್ತಲಿ. ನನ್ನ ತಮ್ಮ ಐದು ದಿನ ಆತು ಮನಿ ಕಂಡಿಲ್ಲ. ಮುಗಸು ಅದನ್ನ."

ಮುಗಿಸಿದರೆ ಮಾಮಾ ಬರುತ್ತಾನೆ, ಬೂದಿಯೂ ಬರುತ್ತದೆ. ಮುಗಿಸದಿದ್ದರೆ ಎರಡೂ ಇಲ್ಲ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ಹಾಳಾದ ಮಾಮಾನನ್ನು ನೋಡಬೇಕೆಂದು ಜೀವ ಚಡಪಡಿಸಿತು. ಅವ್ವನಿಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನ್ ಹಚ್ಚಿದೆ.

"ಎಲ್ಲದಿ ಮಾಮಾ?"

"ಯಾರಿಗ್ಗೊತ್ತವಾ. ಎಲ್ಲಿ ಹೋದ್ರೂ ಒಂದು ಹಳ್ಳ, ದಂಡಿಮ್ಯಾಲೆ ಮಂದಿ ಕತಿ ಹೇಳಾಕತ್ತಾರ. ಗುರುತಿಲ್ಲದ ಹುಡಿಗ್ಯಾರು ಓಡಿ ಬಂದು ಮಾಮಾ ಅಂತಾರ, ರೊಟ್ಟಿ ಕೊಡತಾರ. ಉಂಡು ಅವರ ನೀರಿಗೆ ಹೆಂಗ ಬೂದಿ ಸುರುವಲಿ? ಅದ ಲೋಡು ಹೊತಗೊಂಡು ತಿರಗಾಕತ್ತೀನಿ." ಅವನು ಅಳುತ್ತಿದ್ದ.

"ಕತಿ ನಿಲ್ಲಸಲೇನು? ಮನಿಗೆ ಬಂದಬಿಡು."

ಅವನು ಗಾಡಿ ಬದಿಗೆ ಹಾಕಿ ಎಂಜಿನ್ ಆರಿಸಿದ.

"ಒಂದ ದಾರಿ ತಪ್ಪಿಲ್ಲವಾ ನನಗ. ಕಾರ್ಖಾನಿ ಗೇಟಿನ ದಾರಿ. ಉಳದ ಗಾಡಿಗೋಳಿಗೂ ಅದೊಂದ ಕಾಣಾಕತ್ತೈತಂತ. ಅಲ್ಲೇ ಸುರುವಿ, ಚಾವಿ ಒಗದು, ನಡಕೊಂತ ಬರತೀನಿ. ಅಲ್ಲೀಮಟ ನನ್ನ ಮ್ಯಾಲೆ ನನಗ ನಂಬಿಗಿಲ್ಲ."

ನಾನು ಅವ್ವನ ಮುಖ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಎದುರು ಉಸುಕಿನಲ್ಲಿ ಕುಳಿತಳು.

"ಹೇಳವಾ, ನಿಲ್ಲಸಬ್ಯಾಡ," ಎಂದಳು. "ನಡುವ ನಿಲ್ಲಿಸಿದ್ರ ಅಂವಗ ನಮ್ಮ ಹಳ್ಳದ ದಾರಿ ಕಂಡೀತು."