ಹದಿನಾರು ಅಡಿ

"ಎಡಗಾಲು ಮೊದ್ಲು, ಎಡಗಾಲು!" ಎಂದು ಹಿಂದಿನಿಂದ ರಸೆಲ್ ಪಿಸುಗುಟ್ಟಿದ. ಆದರೂ ಶವಪೆಟ್ಟಿಗೆ ಹೊತ್ತ ಆರು ಜನರ ಎಡಗಾಲುಗಳು ಚರ್ಚಿನ ಮೆಟ್ಟಿಲ ಮೇಲೆ ಒಟ್ಟಿಗೆ ಬೀಳಲಿಲ್ಲ. ಉಪ್ಪು ಎರಚಿದ್ದರೂ ಮಂಜುಗಡ್ಡೆ ಕರಗಿರಲಿಲ್ಲ. ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಜನೆಲ್ ತನ್ನ ಕಡೆಯನ್ನು ಮೇಲೆತ್ತಿ ಹಿಡಿದಳು.

"ನಿಧಾನ ಕಣ್ರೋ, ಸೀಸನ್ನಿನ ಮೊದಲ್ನೇ ಓಟ ಇದು," ಎಂದ ರಸೆಲ್. "ಈ ಟೈಮ್ ನಂಬೋ ಹಾಗಿಲ್ಲ ಅಂತ ಕೋಚ್ ಒಳಗಿಂದ್ಲೇ ಹೇಳ್ತಿರ್ತಾರೆ."

ಹೊತ್ತವರೆಲ್ಲ ಪೆಟ್ಟಿಗೆಯೊಳಗಿದ್ದ ಕೋಚ್ ಲೋವೆಲ್ ಹೌಗೆನ್ ಕೈಕೆಳಗೆ ಕಾಲೇಜಿಗಾಗಿ ಓಡಿದವರೇ. ಈಗ ಇಬ್ಬರಿಗೆ ತಲೆ ಬೋಳಾಗಿತ್ತು, ಒಬ್ಬನಿಗೆ ಮಂಡಿ ಬದಲಾಗಿತ್ತು. ಎಲ್ಲರೂ ನಕ್ಕರು. ಹೆಂಗಸೆಂದರೆ ಜನೆಲ್ ಒಬ್ಬಳೇ, ಅವಳು ನಗಲಿಲ್ಲ. ಬೆಳಗಿನಿಂದ ಅವಳ ಕಿವಿಯಲ್ಲಿ ಸತ್ತವನ ದನಿ ಬಿಡದೆ ಸುತ್ತಿನ ಟೈಮು ಕೂಗುತ್ತಿತ್ತು. ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು. ಆಮೇಲೆ ಟಿಕ್ ಎಂದು ಗಡಿಯಾರ ನಿಂತ ಸದ್ದು. ಮತ್ತೆ ಮೊದಲಿನಿಂದ.

ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತರು. ಹ್ಯಾಮ್ ಇಟ್ಟ ಬನ್ನು, ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ನೀರು ನೀರಾದ ಕಾಫಿ. ಕಾಫಿ ಒಳಗೆ ಹೋದ ಮೇಲೆ ಮಾತು ಸಡಿಲವಾಯಿತು. ಲೋವೆಲ್ ಮೂವತ್ತೆಂಟು ವರ್ಷ ಭೂಗೋಳ ಪಾಠ ಮಾಡಿದವನು, ವಾರದ ಕೊನೆಗೆ ಓಟದ ತಂಡದ ವ್ಯಾನು ಓಡಿಸಿದವನು. ದೊಡ್ಡ ಹೆಸರೇನೂ ಇಲ್ಲ. ಆದರೆ ಚಳಿಗಾಲದ ಟೈಮಿಗೆ ಬೆಲೆ ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಚಳಿಗಾಲದಲ್ಲಿ ಓಡುವ ಕಾಲೇಜಿನ ಶೆಡ್ಡಿನೊಳಗಿನ ಟ್ರ್ಯಾಕಿನ ಇಕ್ಕಟ್ಟು ತಿರುವಿಗೆ ಇಷ್ಟು ಕಳೆ, ಕ್ರಿಸ್‌ಮಸ್ ಊಟದ ಭಾರಕ್ಕೆ ಇನ್ನಷ್ಟು ಕಳೆ, ಮುಂದೆ ಓಡುವವಳ ಬೆನ್ನು ಹಿಡಿದು ಸುಮ್ಮನೆ ಎಳೆಸಿಕೊಂಡಿದ್ದರೆ ಅಷ್ಟು ಕೂಡಿಸು. "ಇದು ಮೇ ತಿಂಗಳಿಗೆ ಎರಡು ಹದಿಮೂರು," ಎಂದರೆ ಮೇ ತಿಂಗಳ ಬಯಲು ಓಟದಲ್ಲಿ ಎರಡು ನಿಮಿಷ ಹದಿಮೂರು ಸೆಕೆಂಡೇ ಬರುತ್ತಿತ್ತು.

"ಆಸ್ಪತ್ರೇಲಿ ನರ್ಸ್ ನಾಡಿ ಹಿಡಿದ್ರೆ ಏನಂದ್ರು ಗೊತ್ತಾ?" ಎಂದ ರಸೆಲ್. "'ಇದು ಜನವರಿ ನಾಡಿ ಕಣಮ್ಮ, ಇದನ್ನ ನೋಡಿ ಹೆದರ್ಕೋಬೇಡ.'"

ನಗು ಮುಗಿಯುವ ಮೊದಲೇ ತಂಡದ ಜಾಕೆಟ್ ತೊಟ್ಟ ಹುಡುಗಿಯೊಬ್ಬಳು ಮೇಜಿನ ಪಕ್ಕ ಬಂದು ನಿಂತಳು. ಮರಿಸೋಲ್ ಇಬಾರಾ, ಕಾಲೇಜಿನ ಎರಡನೇ ವರ್ಷದವಳು.

"ಜನೆಲ್, ಒಂದ್ ವಿಷ್ಯ ಕೇಳ್ಬೇಕಿತ್ತು. ಹೋದ ಶನಿವಾರ ಎಂಟ್ನೂರು ಮೀಟರ್‌ನಲ್ಲಿ ನಂಗೆ ಎರಡು ಹತ್ತು ಪಾಯಿಂಟ್ ಒಂದು ನಾಲ್ಕು ಬಂತು. ಕೋಚ್ ಆಗ ಆಸ್ಪತ್ರೇಲಿದ್ರು. ನೀವು ಅಷ್ಟು ವರ್ಷ ಅವ್ರ ಪಕ್ಕ ಕೂತು ನೋಡಿದೀರ. ಇದ್ರ ಬೆಲೆ ಎಷ್ಟು, ನೀವಾದ್ರೂ ಹೇಳಿ."

"ಹೋಗಿ ಹೋಗಿ ಅವಳನ್ನ ಕೇಳ್ತೀಯಲ್ಲೇ ತಾಯಿ!" ಎಂದ ರಸೆಲ್. "ರೆಕಾರ್ಡ್ ಬೋರ್ಡ್ ಮೇಲಿರೋದು ಅವಳ ಹೆಸ್ರು. ಕಾಲು ಸೆಕೆಂಡು ದೂರಕ್ಕೆ ಬಂದಿದೀಯ, ನಿನ್ನ ಕಾಲು ಮುರೀತಾಳೆ ನೋಡ್ತಿರು."

ಜನೆಲ್ ನಕ್ಕು, ಆಮೇಲೆ ಹೇಳುತ್ತೇನೆ ಎಂದಳು. ಬೋರ್ಡಿನ ಮೇಲಿದ್ದ 2:09.9 ಮೂವತ್ಮೂರು ವರ್ಷದಿಂದ ಅಲ್ಲಾಡಿರಲಿಲ್ಲ. ಅವಳು ಔಷಧಿ ಅಂಗಡಿಯಲ್ಲಿ ನಿಂತರೂ ಊರಿನವರು ಹೊಸಬರಿಗೆ ಅವಳನ್ನು ತೋರಿಸುತ್ತಿದ್ದದ್ದು ಎರಡು ಹತ್ತನ್ನು ಮುರಿದವಳೆಂದೇ. ಗಂಡ ಬಿಟ್ಟುಹೋದ ವರ್ಷವೂ ಆ ಅಂಕಿ ಮಾತ್ರ ಅವಳನ್ನು ಬಿಟ್ಟು ಹೋಗಿರಲಿಲ್ಲ.

*

1992ರ ಜನವರಿ. ಹಿಂದಿನ ನವೆಂಬರಿನಲ್ಲಿ ಅವಳ ಅಣ್ಣ ಕರ್ಟ್‌ನ ಕಾರು ಸೇತುವೆಯ ಮೇಲೆ ಜಾರಿ ನದಿಗೆ ಬಿದ್ದಿತ್ತು. ಆಮೇಲೆ ಜನೆಲ್ ಅತ್ತಿರಲಿಲ್ಲ, ನಕ್ಕಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದೇ ಹೆಚ್ಚು. ಸೀಸನ್ನಿನ ಮೊದಲ ಸ್ಪರ್ಧೆಗೆ ಅವಳನ್ನು ಇಳಿಸಬೇಕೋ ಬೇಡವೋ ಎಂದು ಲೋವೆಲ್ ಕೊನೆಯ ಗಳಿಗೆಯವರೆಗೂ ಒದ್ದಾಡಿದ್ದ.

ನಾಲ್ಕು ಸುತ್ತು. ಒಂದೊಂದು ಸುತ್ತಿಗೂ ಅವನ ದನಿ ಕೇಳಿತು. ಗೆರೆ ದಾಟಿದ್ದೇ ಟಿಕ್ ಎಂದಿತು. ಅವಳು ನೆಲಕ್ಕೆ ಬಿದ್ದಳು. ಯಾರೋ ಟೈಮು ಕೂಗಿದರು. ಬಿದ್ದಲ್ಲೇ ಮಲಗಿ ಶೆಡ್ಡಿನ ಸೂರು ನೋಡುತ್ತ ಜೋರಾಗಿ ನಕ್ಕಳು, ನಗುತ್ತ ನಗುತ್ತ ಅತ್ತಳು.

ಲೋವೆಲ್ ಓಟದ ಟೈಮು ಹಿಡಿಯುವ ತನ್ನ ಹಳೆಯ ಚಾವಿ ಗಡಿಯಾರವನ್ನು ಬಹಳ ಹೊತ್ತು ನೋಡಿದ. ಮುಖ ಬಿಳಿಚಿಕೊಂಡಿತ್ತು. ಉಳಿದ ಹುಡುಗಿಯರಿಗೆಲ್ಲ ಎಂದಿನಂತೆ ಕೂಡಿಸಿ ಕಳೆದು ಬೆಲೆ ಹೇಳಿದ.

"ಕೋಚ್, ನಂದು?"

"ನೀನು ಮೊದ್ಲು ನೀರು ಕುಡಿ," ಎಂದ, ಅಷ್ಟೇ. ಸೋಮವಾರ ಏಣಿ ಹತ್ತಿ ಬೋರ್ಡಿಗೆ ಅವಳ ಹೆಸರು ಹಾಕಿದ. ಕೂಡಿಸದೆ ಕಳೆಯದೆ ಬಿಟ್ಟ ಟೈಮು ತನ್ನದೊಂದೇ ಎಂದು ಅವಳು ಇಷ್ಟು ವರ್ಷ ಒಳಗೊಳಗೇ ಬೀಗಿದ್ದಳು.

*

"ಇಲ್ಲಿ ಬಾ ಕಂದಾ," ಎಂದು ಲೋವೆಲ್‌ನ ಹೆಂಡತಿ ಆರ್ಲಿಸ್ ಅವಳನ್ನು ಕೋಟು ನೇತುಹಾಕುವ ಕೋಣೆಗೆ ಕರೆದಳು. ಕರವಸ್ತ್ರದ ಗಂಟೊಂದನ್ನು ಕೈಗಿಟ್ಟಳು. ಒಳಗೆ ಆ ಹಳೆಯ ಗಡಿಯಾರವಿತ್ತು. ಅದರ ಮುಳ್ಳು 2:09.9ರಲ್ಲಿ ನಿಂತಿತ್ತು. ಜೊತೆಗೆ ನಡುವೆ ಗಂಟು ಹಾಕಿದ್ದ ಉದ್ದನೆಯ ಹುರಿ.

"ವರ್ಷಕ್ಕೊಂದ್ಸಲ ಚಾವಿ ಕೊಟ್ಟು ಎಣ್ಣೆ ಬಿಡ್ತಿದ್ರು. ಮುಳ್ಳು ಮಾತ್ರ ಮುಟ್ಟೋಕೆ ಬಿಡ್ತಿರ್ಲಿಲ್ಲ," ಎಂದಳು ಆರ್ಲಿಸ್.

"ಈ ಹುರಿ?"

"ಆ ವರ್ಷ ಶೆಡ್ಡಿಗೆ ಹೊಸ ನೆಲ ಹಾಕಿದ್ರಲ್ಲ, ಟ್ರ್ಯಾಕಿನ ಗೆರೆ ಎಳೆದೋರು ಇವ್ರೇ. ಗೂಟಕ್ಕೆ ಈ ಹುರಿ ಕಟ್ಟಿ ತಿರುವು ಗುರುತು ಮಾಡ್ತಿದ್ರು. ಶುರುವಲ್ಲೇ ಅದು ನಡುವೆ ತುಂಡಾಯ್ತು. ಗಂಟು ಹಾಕಿ ಮುಂದುವರಿಸಿದ್ರು, ಮತ್ತೆ ಅಳೆದು ನೋಡ್ಲಿಲ್ಲ. ಗಂಟು ಎಂಟಿಂಚು ನುಂಗಿತ್ತು, ಎರಡೂ ತಿರುವು ಅಷ್ಟಷ್ಟು ಒಳಕ್ಕೆ ಬಂದಿದ್ವು." ಆರ್ಲಿಸ್ ಉಸಿರು ತೆಗೆದುಕೊಂಡಳು. "ನಿನ್ನ ಉಸಿರಾಟ ನೋಡಿದ್ರಲ್ಲ, ಎರಡು ಹತ್ತರೊಳಗೆ ಬರೋ ಓಟ ಅದಲ್ಲ ಅಂತ ಅವತ್ತೇ ಗೊತ್ತಾಯ್ತಂತೆ. ಮಾರನೇ ದಿನ ಚರ್ಚ್ ಮುಗಿಸಿ ಹೋಗಿ ಅಳೆದ್ರು. ಸುತ್ತಿಗೆ ನಾಲ್ಕಡಿ ಕಮ್ಮಿ. ನಾಲ್ಕು ಸುತ್ತಿಗೆ ಹದಿನಾರು."

ಜನೆಲ್ ಹುರಿಯ ಗಂಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಉಳಿದೋರಿಗೆಲ್ಲ ಆ ಚಳಿಗಾಲ ಅಷ್ಟು ಸೇರಿಸೇ ಬೆಲೆ ಹೇಳಿದ್ರು, ಯಾರಿಗೂ ಅನುಮಾನ ಬರ್ಲಿಲ್ಲ. ಬೇಸಿಗೇಲಿ ಗೆರೆ ಅಳಿಸಿ ಸರಿಯಾಗಿ ಎಳೆದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅವತ್ತು ನಕ್ಕೆಯಂತಲ್ಲ. ಮುಂದಿನ ವಾರ ಹೇಳ್ತೀನಿ ಅಂದ್ರು. ಆ ಮುಂದಿನ ವಾರ ಬರ್ಲೇ ಇಲ್ಲ ನೋಡು." ಆರ್ಲಿಸ್ ಅವಳ ಕೈ ಮುಚ್ಚಿದಳು. "ಶನಿವಾರ ಆ ಹುಡುಗಿಯ ಟೈಮ್ ಕಿವಿಗೆ ಬಿದ್ಮೇಲೆ ಅವ್ರಿಗೆ ನಿದ್ದೆ ಹತ್ತಲಿಲ್ಲ. 'ಜನೆಲ್‌ಗೆ ಕೊಡು, ಅವಳು ಏನ್ ಮಾಡಿದ್ರೂ ಸರಿ' ಅಂದ್ರು. ನನ್ನ ಬಾಯಿಂದಂತೂ ಹೊರಗೆ ಬರೋದಿಲ್ಲ."

ಒಬ್ಬಳೇ ಉಳಿದಾಗ ಜನೆಲ್‌ಗೆ ಕೆಂಡದಂಥ ಸಿಟ್ಟು ಬಂತು. ಅದು ಸತ್ತವನ ಮೇಲೆ, ತೀರಿಸಿಕೊಳ್ಳಲು ಅವನೇ ಇಲ್ಲ. ಹುರಿಯನ್ನು ಕಸದ ಡಬ್ಬಿಗೆ ಹಾಕಿ ಮನೆಗೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಡಬ್ಬಿಯ ಮುಚ್ಚಳವನ್ನೂ ತೆಗೆದಳು.

ಆಗ ಇಷ್ಟು ವರ್ಷ ಆ ಅಂಕಿಯ ಹತ್ತಿರ ಬಂದು ಸೋತ ಹುಡುಗಿಯರೆಲ್ಲ ಕಣ್ಣ ಮುಂದೆ ಬಂದರು. ಎರಡು ಹತ್ತು ಪಾಯಿಂಟ್ ಮೂರು ಓಡಿ ಗೆರೆಯ ಮೇಲೆ ಕೂತು ಅತ್ತವಳು. ಪಾಯಿಂಟ್ ಐದು ಓಡಿ, ಬೋರ್ಡು ನೋಡಿ, ಸ್ಪೈಕ್ಸ್ ಬೂಟು ಬಿಚ್ಚಿ ಎಸೆದವಳು. ಪ್ರತಿಸಲವೂ ಪಕ್ಕದಲ್ಲಿ ಕೂತ ಲೋವೆಲ್ ಸೂರ್ಯಕಾಂತಿ ಬೀಜ ಅಗಿಯುವುದನ್ನು ನಿಲ್ಲಿಸಿ ಎದ್ದು ಹೊರಗೆ ಹೋಗುತ್ತಿದ್ದ. ಗಾಳಿಗೆ ಹೋಗುತ್ತಾನೆಂದು ಅವಳು ಅಂದುಕೊಂಡಿದ್ದಳು. ಹಾಗೆ ಅವನು ಎದ್ದು ಹೋದಾಗಲೆಲ್ಲ, ತನ್ನ ಅಂಕಿ ಉಳಿಯಿತೆಂದು ತಾನು ಸಮಾಧಾನಪಟ್ಟದ್ದೂ ನೆನಪಾಯಿತು. ಅವಳಿಗೆ ನಾಚಿಕೆಯಾಯಿತು. ಮುಚ್ಚಳ ಹಾಕಿದಳು.

ಮರಿಸೋಲ್ ಕೋಟು ಹಾಕಿಕೊಳ್ಳುತ್ತಿದ್ದಳು.

"ಶೆಡ್ಡು ತೆಗ್ದಿರುತ್ತಾ?" ಎಂದು ಜನೆಲ್ ಕೇಳಿದಳು.

"ಯಾವಾಗ್ಲೂ. ಯಾಕೆ?"

"ಬಾ. ಟೈಮ್ ಹಿಡೀಬೇಕು."

ರಸ್ತೆ ದಾಟಿದರೆ ಶೆಡ್ಡು. ಒಳಗೆ ಯಾರೂ ಇರಲಿಲ್ಲ, ದೀಪದ ಗುಂಯ್ ಸದ್ದು ಮಾತ್ರ. ಜನೆಲ್ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಹುಡುಗಿ ಹುರಿಯ ಗಂಟನ್ನು ಬೆರಳಲ್ಲಿ ಸವರಿ ನೋಡಿದಳು. ಎತ್ತರ ಜಿಗಿತದ ಕಡೆಯಿಂದ ಟೇಪು ತಂದಳು. ಮುಕ್ತಾಯದ ಗೆರೆಯಿಂದ ಮುಂದಕ್ಕೆ ಹದಿನಾರು ಅಡಿ ಅಳೆದು ಅಲ್ಲಿ ತನ್ನ ಟೊಪ್ಪಿ ಇಟ್ಟಳು. ನೋಡಿದರೆ ಏನೇನೂ ದೂರವಿಲ್ಲ.

"ಅವತ್ತು ಓಡದೆ ಉಳಿದದ್ದು ಇಷ್ಟೇ," ಎಂದು ಜನೆಲ್ ಗಡಿಯಾರವನ್ನು ಅವಳ ಕೈಗಿಟ್ಟಳು. "ಪಕ್ಕದ ಗುಂಡಿ ಒತ್ತು, ನಿಂತಲ್ಲಿಂದ್ಲೇ ಮತ್ತೆ ಓಡುತ್ತೆ. ಟೊಪ್ಪಿ ದಾಟಿದಾಗ ಇನ್ನೊಂದ್ಸಲ ಒತ್ತು."

ಜನೆಲ್ ಕಪ್ಪು ಬೂಟು ಬಿಚ್ಚಿ ಗೆರೆಯ ಮೇಲಿಟ್ಟಳು. ನೆಲದ ಚಳಿ ಕಾಲುಚೀಲ ದಾಟಿ ಏರಿತು. ಮೂವತ್ತೊಂದು, ಮೂವತ್ತೆರಡು ಎಂದು ಬೆಳಗಿನಿಂದ ಕೂಗುತ್ತಿದ್ದ ದನಿ ಈಗ ಸುಮ್ಮನಾಗಿತ್ತು.

ಟಿಕ್.

ಐವತ್ಮೂರು ವರ್ಷದ ಸೊಂಟ, ಶೋಕದ ಉಡುಪಿನ ಬಿಗಿ. ಓಡಿದಳು. ಟಿಕ್.

ಮರಿಸೋಲ್ ಗಡಿಯಾರವನ್ನು ದೀಪಕ್ಕೆ ಹಿಡಿದಳು. "ಎರಡು ಹನ್ನೊಂದು," ಎಂದಳು ಮೆಲ್ಲಗೆ. "ಪಾಯಿಂಟ್ ಏಳು."

ಜನೆಲ್ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹುಡುಗಿಗೆ ತಿಳಿಯಲಿಲ್ಲ.

"ನಿಂದು ಎರಡು ಹತ್ತು ಪಾಯಿಂಟ್ ಒಂದು ನಾಲ್ಕು. ಕೂಡ್ಸೋದೂ ಇಲ್ಲ, ಕಳೆಯೋದೂ ಇಲ್ಲ," ಎಂದಳು ಜನೆಲ್, ತಲೆ ಎತ್ತದೆ. "ಏಣಿ ತಗೊಂಡ್ ಬಾ."

ಏಣಿ ಎಳೆಯುವ ಸದ್ದು ಖಾಲಿ ಶೆಡ್ಡಿನ ತುಂಬ ಕರಕರ ಎಂದಿತು. ಹಿಂದೆ, ಹದಿನಾರು ಅಡಿ ದೂರದಲ್ಲಿ, ಜೋಡಿ ಕಪ್ಪು ಬೂಟುಗಳು ಗೆರೆಯ ಮೇಲೆ ಹಾಗೇ ನಿಂತಿದ್ದವು.