ನಯವಾದ ಗೆರೆ

ಸೊಸೆ ಮಾಡಿದ್ದು ಇಷ್ಟೇ. ಟ್ಯಾಬಿನ ಪರದೆಯ ಮೇಲೆ, ಪೆನ್ನಿನ ಚಿತ್ರದ ಕೆಳಗೆ, 'ಗೆರೆ ನಯ' ಎಂದು ಬರೆದಿದ್ದ ಕಡೆ ಒಂದು ಪುಟ್ಟ ಗುಂಡಿ ಇತ್ತು. ಅದನ್ನು ಬೆರಳಿನಿಂದ ಸ್ವಲ್ಪ ಬಲಕ್ಕೆ ಸರಿಸಿದಳು. ಕಳ್ಳತನವಲ್ಲ, ಕೊಲೆಯಲ್ಲ. ಇದೇನು ಮಹಾ ಎಂದು ಮೂಗು ಮುರಿಯುವವರು ಪೂರ್ತಿ ಕೇಳಿ ಆಮೇಲೆ ಮುರಿಯಲಿ.

ಅವರದು ಕಲ್ಲಿನ ಮೇಲೆ ಹೆಸರು ಕೆತ್ತುವ ಅಂಗಡಿ. ಸತ್ತವರಿಗೆ ಸಮಾಧಿ ಕಲ್ಲು, ಬದುಕಿದ್ದವರಿಗೆ ಗೇಟಿನ ಫಲಕ. ಮುಂದಿನ ಕೋಣೆಯಲ್ಲಿ ಸೊಸೆಯ ಮೇಜು, ಗಿರಾಕಿಗಳು ಕೂರುವ ಬೆಂಚು. ಹಿಂದಿನ ಶೆಡ್ಡಿನಲ್ಲಿ ಕೆತ್ತುವ ಯಂತ್ರ. ಎರಡೂ ಕಡೆ, ಕುಡಿಯುವ ಚಹಾದ ಮೇಲೂ ಕಲ್ಲಿನ ಧೂಳು. ಗಂಡ ಸಣ್ಣ ಕ್ರೇನಿರುವ ಲಾರಿಯಲ್ಲಿ ಕಲ್ಲುಗಳನ್ನು ಒಯ್ದು ನಿಲ್ಲಿಸಿ ಬರುತ್ತಿದ್ದ. ಮಾವನನ್ನು ಇಡೀ ಬೀದಿ 'ಉಳಿರಾಯ' ಎಂದು ಕರೆಯುತ್ತಿತ್ತು. ಉಳಿ ಹಿಡಿದು ಕೂತರೆ ಊಟದ ಪರಿವೆ ಇಲ್ಲದ ಮನುಷ್ಯ. ಅವರು ಹೆಸರು ಕೆತ್ತಿದರೆ ಸತ್ತವನು ಎದ್ದು ಬಂದು ಒಂದು ಸಲ ಓದಿಕೊಂಡು ಮತ್ತೆ ಮಲಗುತ್ತಾನೆ ಎಂದು ಎದುರಂಗಡಿಯ ಕ್ಷೌರಿಕ ತಮಾಷೆ ಮಾಡುತ್ತಿದ್ದ.

ಯಂತ್ರ ಬಂದ ಮೇಲೆ ಉಳಿ ಮೂಲೆ ಸೇರಿತು. ಟ್ಯಾಬಿನಲ್ಲಿ ಬರೆದ ಅಕ್ಷರವನ್ನು ಯಂತ್ರ ಹಾಗೇ ರಬ್ಬರ್ ಹಾಳೆಯಲ್ಲಿ ಕತ್ತರಿಸುತ್ತದೆ. ಹಾಳೆಯನ್ನು ಕಲ್ಲಿಗೆ ಅಂಟಿಸಿ ರಭಸವಾಗಿ ಮರಳು ಊದಿದರೆ ಕತ್ತರಿಸಿದ ಜಾಗದಲ್ಲಿ ಅಕ್ಷರ ಕೊರೆದು ಬರುತ್ತದೆ. ಆ ಗಾಜಿನ ಹಲಗೆಯನ್ನು ಮುಟ್ಟುವುದಿಲ್ಲ ಎಂದು ಮಾವ ಹಟ ಹಿಡಿದಿದ್ದರು. ಗಿರಾಕಿಗಳು ಹೇಳಿದ ಹೆಸರು, ಅಳತೆಗಳನ್ನೆಲ್ಲ ಸೊಸೆ ಅದೇ ಟ್ಯಾಬಿನ ಟಿಪ್ಪಣಿ ಆ್ಯಪಿನಲ್ಲಿ ಪೆನ್ನಿನಿಂದ ಗೀಚಿಕೊಳ್ಳುತ್ತಿದ್ದಳು. ಒಂದು ದಿನ ಪೆನ್ನನ್ನು ಅವರ ಕೈಗೇ ತುರುಕಿದಳು. ಒತ್ತಿದರೆ ದಪ್ಪ, ಹಗುರ ಹಿಡಿದರೆ ಸಣ್ಣ, ಓರೆ ಮಾಡಿದರೆ ನೆರಳು. ಮಾವನ ಹುಬ್ಬು ಮೇಲೇರಿತು. ತಪ್ಪಾದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಾಣವನ್ನು ತೋರಿಸಿದಾಗಂತೂ ಅದನ್ನು ಒತ್ತುವ ಆಸೆಗೇ ಬೇಕೆಂದು ತಪ್ಪು ಬರೆದರು.

"ಇದಿನ್ನೇನೇ?" ಎಂದರು, ಅವಳು ಒಂದು ಅಕ್ಷರದ ಸುತ್ತ ಕುಣಿಕೆಯ ಗೆರೆ ಎಳೆದು ಅದನ್ನು ಪಕ್ಕಕ್ಕೆ ಸರಿಸಿದಾಗ.

"ಇದು ಕುಣಿಕೆ ಮಾವ. ಹಿಡಿದು ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗ್ಬಹುದು."

"ಪಾಪ, ಅಕ್ಷರಕ್ಕೆ ನೇಣು ಹಾಕ್ತೀಯಲ್ಲೇ. ನನ್ನ ಮಗನಿಗೂ ಹಿಂಗೇ ಹಾಕಿರ್ಬೇಕು ನೀನು."

ಅಂದಿನಿಂದ ಮೇಜಿನ ಕುರ್ಚಿ ಮಾವನದಾಯಿತು, ಸೊಸೆ ಬೆಂಚಿಗೆ ಬಂದಳು. ಅವಳಿಗೆ ಅದರಲ್ಲಿ ಸಂತೋಷವೇ ಇತ್ತು. ಹುಡುಗಿಗೆ ಕಲ್ಲಿನ ಸಹವಾಸವೇಕೆ ಎಂದು ತವರಿನಲ್ಲಿ ಬೈದಿದ್ದರು. ಅಕ್ಷರದ ಹೊಟ್ಟೆ ಎಲ್ಲಿ ಉಬ್ಬಬೇಕು, ಬಾಲ ಎಲ್ಲಿ ಸೊರಗಬೇಕು ಎಂದು ಕೈಹಿಡಿದು ಕಲಿಸಿದವರು ಮಾವ. ಹೆತ್ತ ಅಪ್ಪನಿಗಿಂತ ಒಂದು ಕೈ ಹೆಚ್ಚೇ ಅವರನ್ನು ಹಚ್ಚಿಕೊಂಡಿದ್ದಳು.

ಕೈ ನಡುಗಲು ಶುರುವಾದದ್ದು ಮೊದಲು ಚಹಾದ ಲೋಟದಲ್ಲಿ ಗೊತ್ತಾಯಿತು. ಮಾವ ಲೋಟದ ಮೇಲೆ ತಪ್ಪು ಹೊರಿಸಿದರು, ತುಂಬಾ ಬಿಸಿ ಎಂದರು. ನರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಹಿಸುಕುತ್ತಾ ಇರಲು ಒಂದು ರಬ್ಬರ್ ಚೆಂಡು ಕೊಟ್ಟರು. ಇದು ವಾಸಿಯಾಗುವ ಕಾಯಿಲೆಯಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದು ಮಗ, ಸೊಸೆ ಇಬ್ಬರನ್ನೂ ಹೊರಗೆ ಕರೆದು ಹೇಳಿದರು. ಆ ಮಾತನ್ನು ಇಬ್ಬರೂ ಹೊಟ್ಟೆಗೆ ಹಾಕಿಕೊಂಡು ಮನೆಗೆ ಬಂದರು.

ಒಂದು ಬೆಳಗ್ಗೆ ಮಾವ ಯಾರದೋ ಸಮಾಧಿ ಕಲ್ಲಿಗೆ ಹೆಸರು ಬರೆಯುತ್ತಿದ್ದರು. ಕೊನೆಯ ಅಕ್ಷರದ ಬಾಲ ಗರಗಸದ ಹಲ್ಲಿನ ಹಾಗೆ ಬಂತು. ಅಳಿಸಿ ಬರೆದರು, ಮತ್ತೆ ಹಾಗೇ. ಬಹಳ ಹೊತ್ತು ಪರದೆಯನ್ನೇ ನೋಡುತ್ತಾ ಕೂತರು. ಬಣ್ಣವಿಳಿದ ಮುಖದಲ್ಲಿ ಹೆದರಿಕೆ ಇತ್ತು. ಮುಂಗೋಪ, ಗತ್ತು, ಕುಚೋದ್ಯ ಎಲ್ಲವನ್ನೂ ಆ ಮುಖದಲ್ಲಿ ನೋಡಿದ್ದವಳು ಹೆದರಿಕೆಯನ್ನು ನೋಡಿರಲಿಲ್ಲ.

"ಪೆನ್ನಿನ ಚಾರ್ಜು ಹೋಗಿದೆ ನೋಡಮ್ಮ," ಎಂದರು.

ಚಾರ್ಜು ಭರ್ತಿ ಇತ್ತು. "ಹೌದು ಮಾವ, ಕೊಡಿ ಹಾಕ್ತೀನಿ," ಎಂದಳು.

ಟ್ಯಾಬನ್ನು ಅಂಗಡಿಗೆ ಹೊಂದಿಕೊಂಡ ಮನೆಯೊಳಗೆ ಒಯ್ದು, ಅಡುಗೆಮನೆಯಲ್ಲಿ ನಿಂತು, ಗುಂಡಿಯನ್ನು ಕಾಲುಭಾಗ ಬಲಕ್ಕೆ ಸರಿಸಿದಳು. ಆ ಗುಂಡಿ ಮಾಡುವುದಿಷ್ಟು: ಬರೆಯುವ ಕೈ ಎಷ್ಟು ಅಂಕುಡೊಂಕು ಹೋದರೂ ಗೆರೆಯನ್ನು ತಾನೇ ತೀಡಿ ನೆಟ್ಟಗೆ ಮಾಡಿಬಿಡುತ್ತದೆ. ಮಾವ ಬರೆದರು. ಬಾಲ ಮೀನಿನ ಬಾಲದಂತೆ ತಿರುಗಿ ನಿಂತಿತು. ಅವರ ಮುಖಕ್ಕೆ ಮತ್ತೆ ಕಳೆ ಬಂದದ್ದನ್ನು ನೋಡಿ ಅವಳ ಕಣ್ಣು ತುಂಬಿಕೊಂಡಿತು. ಒಂದು ದಿನದ ಮಟ್ಟಿಗೆ ಎಂದುಕೊಂಡಳು.

ಆ ಒಂದು ದಿನ ಮುಗಿಯಲೇ ಇಲ್ಲ. ಕೈಯ ನಡುಕ ಹೆಚ್ಚಿದ ಹಾಗೆಲ್ಲ ಗುಂಡಿಯೂ ಸರಿಯಿತು; ಅರ್ಧಕ್ಕೆ, ಮುಕ್ಕಾಲಿಗೆ, ಕೊನೆಗೆ ಅಂಚಿಗೆ. ಮಾವ ಇದನ್ನೆಲ್ಲ ರಬ್ಬರ್ ಚೆಂಡಿನ ಲೆಕ್ಕಕ್ಕೆ ಹಾಕಿದರು. ಚೆಂಡನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಮಂಡಿನೋವೆಂದ ಕ್ಷೌರಿಕನಿಗೂ ಒಂದು ಚೆಂಡು ಕೊಡಿಸಿದರು. ಊಟಕ್ಕೆ ಕೂತಾಗ ಅನ್ನ ಎದೆಯ ಮೇಲೆಲ್ಲ ಚೆಲ್ಲುತ್ತಿತ್ತು. ಅದಕ್ಕೂ ಅವರಲ್ಲಿ ಸಮಜಾಯಿಷಿ ಇತ್ತು.

"ಅನ್ನಕ್ಕೆ ಮರ್ಯಾದೆ ಕೊಡಲ್ಲ ನನ್ನ ಕೈ. ಅಕ್ಷರ ಅಂದ್ರೆ ನೋಡು, ಕೈ ಕಟ್ಟಿ ನಿಲ್ಲುತ್ತೆ."

ಆಗೆಲ್ಲ ಮಗ ತಟ್ಟೆಯ ಕಡೆ ನೋಡುತ್ತಿದ್ದ. ಕೋಣೆಗೆ ಬಂದ ಮೇಲೆ, "ಹೇಳ್ಬಿಡೇ," ಎನ್ನುತ್ತಿದ್ದ.

"ನಿಮ್ಮಪ್ಪ ತಾನೇ, ನೀವೇ ಹೇಳಿ."

"ಗುಂಡಿ ಸರಿಸಿದ್ದು ನೀನು."

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಇಬ್ಬರೂ ಮಗ್ಗುಲು ಬದಲಿಸಿ ಮಲಗುತ್ತಿದ್ದರು.

ಹೀಗಿರುವಾಗ ಕಂಡಕ್ಟರಮ್ಮ ಬಂದಳು. ಬಸ್ಸಿನಲ್ಲಿ ಟಿಕೆಟ್ ಕೊಡುವ ಹೆಂಗಸು. ಖಾಕಿ ಸಮವಸ್ತ್ರದಲ್ಲೇ ಬಂದಿದ್ದಳು. ಅವಳ ತಾಯಿಯ ಸಮಾಧಿ ಕಲ್ಲನ್ನು ಮಾವನೇ ಉಳಿಯಲ್ಲಿ ಕೆತ್ತಿದ್ದರು. ಈಗ ಮಗಳು ಹೋಗಿದ್ದಳು. ಶಾಲೆಗೆ ಹೋಗುವ ಹುಡುಗಿ, ಜ್ವರ ನೆತ್ತಿಗೇರಿ.

"ಹೊಸ ಕಲ್ಲು ಬೇಡ," ಎಂದಳು. "ನಮ್ಮನೆ ಬಾಗಿಲ ಮೆಟ್ಟಿಲಿದೆ. ಅದರ ಮೇಲೇ ಕೂತು ಬೂಟು ಹಾಕ್ಕೋತಿದ್ಲು. ನನ್ನ ಡ್ಯೂಟಿ ಮುಗಿಯೋ ತನಕ ಅಲ್ಲೇ ಕೂತು ಕಾಯ್ತಿದ್ಲು. ಆ ಕಲ್ಲಿಗೇ ಹೆಸರು ಹಾಕಿಕೊಡಿ. ಯಂತ್ರದಲ್ಲಿ ಬೇಡ. ನಿಮ್ಮ ಕೈಯಲ್ಲಿ."

ಸೊಸೆ ಬೆಂಚಿನಿಂದ ಎದ್ದಳು. "ಯಂತ್ರದಲ್ಲೂ ಮಾವನ ಅಕ್ಷರಾನೇ ಬರುತ್ತೆ ಅಕ್ಕ," ಎಂದಳು.

ಮಾವ ಅವಳನ್ನು ಕೈಸನ್ನೆಯಿಂದ ಸುಮ್ಮನಾಗಿಸಿ, ಪೆನ್ನು ತೆಗೆದುಕೊಂಡು, ಆ ತಾಯಿಯ ಕಣ್ಣೆದುರೇ ಹುಡುಗಿಯ ಹೆಸರು ಬರೆದರು. ಮೂರೇ ಅಕ್ಷರ. ಗುಂಡಿ ಅಂಚಿನಲ್ಲಿತ್ತು, ಗೆರೆಯಲ್ಲಿ ಒಂದು ಕೂದಲಿನಷ್ಟೂ ಕೊಂಕಿರಲಿಲ್ಲ. ಕಂಡಕ್ಟರಮ್ಮ ಪರದೆಯನ್ನು ಮುಟ್ಟಲೋ ಬೇಡವೋ ಎಂಬಂತೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡು, ಸಮವಸ್ತ್ರದ ತೋಳಿನಲ್ಲಿ ಮುಖ ಒರೆಸಿಕೊಂಡಳು. "ಅಮ್ಮನ ಕಲ್ಲಿನ ಮೇಲಿರೋದು ಇದೇ ಕೈ," ಎಂದಳು.

ಮಾರನೆಯ ದಿನ ಗಂಡ ಲಾರಿ ಒಯ್ದು, ಮೆಟ್ಟಿಲನ್ನು ಮೀಟಿ ಎಬ್ಬಿಸಿ ತಂದು ಶೆಡ್ಡಿನಲ್ಲಿ ಇಳಿಸಿದ. ನಡುವೆ ಸವೆದು ತಗ್ಗಾದ ಕರಿಕಲ್ಲು. ಇಂಥದ್ದು ಇನ್ನೊಂದು ಎಲ್ಲಿ ಹುಡುಕಿದರೂ ಸಿಗುವಂಥದ್ದಲ್ಲ ಎಂದು ಸೊಸೆಗೆ ನೋಡಿದೊಡನೆ ಅನಿಸಿತು. ಕೆಡಿಸಿದರೆ ಆ ತಾಯಿಗೆ ಕೊಡಲು ಇವರ ಹತ್ತಿರ ಬೇರೇನೂ ಇರಲಿಲ್ಲ.

ಹೇಳಲು ಅವಳಿಗೆ ಸಮಯವಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮಾವ ಉಳಿಗಳಿಗೆ ಸಾಣೆ ಹಿಡಿಯುತ್ತಾ ಒಂದು ಇಡೀ ಮಧ್ಯಾಹ್ನ ಕೂತಿದ್ದರು, ಯಾವುದೋ ಹಾಡಿನ ಅರ್ಧವನ್ನು ಮಾತ್ರ ಗುನುಗುತ್ತಾ. ಅವಳು ಮೂರ್ನಾಲ್ಕು ಸಲ ಶೆಡ್ಡಿನ ಬಾಗಿಲ ತನಕ ಹೋಗಿ ಬಂದಳು. ಹೇಳಬೇಕಾದದ್ದು ಒಂದು ವಾಕ್ಯ. ಅದನ್ನು ಹೇಳಿದರೆ ಆ ಹೆದರಿದ ಮುಖ ಮತ್ತೆ ಬರುತ್ತದೆ, ಈ ಸಲ ಬಂದರೆ ಹೋಗುವುದಿಲ್ಲ. ಅದಕ್ಕೆ ವಾಕ್ಯದ ಬದಲು ರಬ್ಬರ್ ಹಾಳೆ ಹಿಡಿದುಕೊಂಡು ಹೋದಳು.

"ಮಾವ, ನೀವು ಬರೆದಿದ್ದನ್ನೇ ಕತ್ತರಿಸಿದ್ದೀನಿ. ಅಂಟಿಸ್ಕೊಂಡು ಅದರ ಅಂಚು ಹಿಡಿದು ಕೆತ್ತಿ."

"ನಾನೇ ಬರೆದಿದ್ದನ್ನ ನಾನೇ ನಕಲು ಹೊಡೀಲಾ? ಹೋಗಮ್ಮ, ಒಂದು ಲೋಟ ಚಹಾ ತಗೊಂಬಾ."

ಚಹಾ ಮಾಡಲು ಹೋದಳು. ನೀರು ಕುದಿಯುವಾಗ ಸುತ್ತಿಗೆಯ ಸದ್ದು ಶುರುವಾಯಿತು. ಮೊದಲು ಟಕ್ ಟಕ್ ಎಂದು ಸಮವಾಗಿ, ಆಮೇಲೆ ತಡೆದು ತಡೆದು. ಒಂದು ಏಟು ಬೇರೆ ಥರ ಕೇಳಿಸಿತು. ಅದಾದ ಮೇಲೆ ಸದ್ದು ಬರಲಿಲ್ಲ.

ಅವಳು ಓಡಿಬಂದಾಗ ಮಾವ ಕಲ್ಲಿನ ಮುಂದೆ ಮಂಡಿಯೂರಿ ಕೂತಿದ್ದರು. ಮೊದಲ ಅಕ್ಷರ ಕುಡಿದವನ ನಡಿಗೆಯಂತಿತ್ತು. ಎರಡನೆಯದರ ಹೊಟ್ಟೆಯಲ್ಲಿ ಉಳಿ ಜಾರಿ, ಸರಿಮಾಡಲು ಹೋಗಿ ಮತ್ತೆ ಜಾರಿ, ಅಂಗೈ ಅಗಲದ ಚಕ್ಕೆ ಎದ್ದು ಬಂದಿತ್ತು. ಹುಡುಗಿ ಕೂರುತ್ತಿದ್ದ ತಗ್ಗು ಇದ್ದದ್ದು ಅಲ್ಲೇ. ಮಾವನ ಎಡಗೈಯ ಹೆಬ್ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು; ಅವರಿಗೆ ಅದರ ಗಮನವೇ ಇರಲಿಲ್ಲ.

ಎದ್ದು ಮುಂದಿನ ಕೋಣೆಗೆ ಹೋದರು. ಅವಳು ಹಿಂದೆಯೇ ಹೋದಳು. ಪೆನ್ನು ಹಿಡಿದು ಅದೇ ಎರಡನೆಯ ಅಕ್ಷರ ಬರೆದರು. ಮುತ್ತಿನಂತೆ ಬಂತು. ಕೈ ನೋಡಿಕೊಂಡರು, ಪರದೆ ನೋಡಿದರು. ಆಮೇಲೆ, ಕೈಯನ್ನು ಬೇಕೆಂದೇ ಗಡಗಡ ಅಲ್ಲಾಡಿಸುತ್ತಾ, ಚಿಕ್ಕ ಮಕ್ಕಳು ಗೋಡೆ ಗೀಚುವ ಹಾಗೆ ಪರದೆಯ ಈ ತುದಿಯಿಂದ ಆ ತುದಿಗೆ ಗೀಚಿದರು. ಗೆರೆ ತಣ್ಣಗೆ, ನಯವಾಗಿ, ನೇರವಾಗಿ ಮೂಡಿತು.

"ಯಾವಾಗಿಂದ?" ಎಂದರು.

"ಚಾರ್ಜು ಹೋಯ್ತು ಅಂದ್ರಲ್ಲ, ಅವತ್ತಿಂದ."

ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಕುರ್ಚಿಯಿಂದೆದ್ದು ಬೆಂಚಿನ ಮೇಲೆ, ಗಿರಾಕಿಗಳು ಕೂರುವ ಜಾಗದಲ್ಲಿ ಹೋಗಿ ಕೂತರು. ಅವಳು ಬಟ್ಟೆ ಹರಿದು ಹೆಬ್ಬೆರಳಿಗೆ ಕಟ್ಟಿದಳು. ಕೈ ಅವಳ ಕೈಯೊಳಗೆ ನಡುಗುತ್ತಲೇ ಇತ್ತು. ಇಷ್ಟು ದಿನ ಆ ಕೈಯನ್ನು ಹೀಗೆ ಹಿಡಿದು ನೋಡಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು; ನೋಡಿದ್ದೆಲ್ಲ ಪರದೆಯನ್ನೇ.

ಕಂಡಕ್ಟರಮ್ಮ ಸಂಜೆ ಡ್ಯೂಟಿ ಮುಗಿಸಿ ಬಂದಳು. ತಾನೇ ಹೇಳುತ್ತೇನೆ, ಎಲ್ಲ ಬಿಡಿಸಿ ಹೇಳುತ್ತೇನೆ ಎಂದು ಸೊಸೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಆ ಹೆಂಗಸು ಕಲ್ಲಿನ ಮುಂದೆ ಕುಕ್ಕರಿಸಿ, ಚಕ್ಕೆ ಎದ್ದ ಜಾಗದಲ್ಲಿ ಅಂಗೈಯಿಟ್ಟು, ತಲೆ ಎತ್ತದೆ ಕೂತಾಗ ಆ ಗಟ್ಟಿತನವೆಲ್ಲ ಎಲ್ಲಿ ಹೋಯಿತೋ.

"ನಂದೇ ತಪ್ಪು," ಎಂದರು ಮಾವ. "ಕೈ ನಡುಗ್ತಿದ್ದಿದ್ದು ಗೊತ್ತಿತ್ತು. ಗೊತ್ತಿದ್ದೂ ಒಪ್ಕೊಂಡೆ."

ಮಾವ ಯಾರ ಕಡೆಯೂ ನೋಡದೆ ಯಂತ್ರಕ್ಕೆ ಕೈಯೂರಿ ನಿಂತಿದ್ದರು. ಗಂಡ ಬಾಗಿಲಲ್ಲಿ ನಿಂತಿದ್ದ. ಸೊಸೆ ಚಹಾದ ಲೋಟಗಳನ್ನು ಎತ್ತಿಕೊಳ್ಳುವವಳಂತೆ ಬಗ್ಗಿದಳು.

"ಗೊತ್ತಿದ್ದೂ?" ಎಂದು ಕೊನೆಗೆ ಕೇಳಿದಳು ಕಂಡಕ್ಟರಮ್ಮ.

"ಹೂಂ."

"ಮನೆ ಬಾಗಿಲ ಮೆಟ್ಟಿಲನ್ನೇ ಕಿತ್ತುಕೊಟ್ಟಿದ್ದೆ ನಿಮಗೆ." ಅವಳ ದನಿ ಏರಲಿಲ್ಲ. "ಕಲ್ಲು ವಾಪಸ್ ಹಾಕಿಸಿಬಿಡಿ. ಕೆತ್ತಿರೋ ಮುಖ ಕೆಳಗೆ ಮಾಡಿ."

ಗಂಡ ಕಲ್ಲನ್ನು ಲಾರಿಗೇರಿಸಿಕೊಂಡು ಹೋಗಿ, ಹೇಳಿದ ಹಾಗೆಯೇ ಬೋರಲು ಮಾಡಿ ಕೂರಿಸಿ ಬಂದ. ಸುದ್ದಿ ಬಸ್ಸಿನಷ್ಟೇ ವೇಗವಾಗಿ ಊರು ಸುತ್ತಿತು. ಕೈ ಹೋದ ಮೇಲೂ ಮುದುಕನಿಗೆ ಹೆಸರಿನ ಚಪಲ, ಮಗು ಸತ್ತ ತಾಯಿಯ ಕಲ್ಲನ್ನೂ ಬಿಡಲಿಲ್ಲ ಎಂದು ಜನ ಆಡಿಕೊಂಡರು. ಕ್ಷೌರಿಕ ರಬ್ಬರ್ ಚೆಂಡನ್ನು ತಂದು ಮೇಜಿನ ಮೇಲಿಟ್ಟು ಹೋದ. ಉಳಿರಾಯ ಎಂದು ಕರೆಯುವವರು ಈಗ ನಕ್ಕು ಕರೆಯುತ್ತಿದ್ದರು. ಮಾವ ಕೇಳಿಸದವರಂತೆ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಸೊಸೆಗೆ ತಡೆಯಲಾಗಲಿಲ್ಲ. ಒಂದು ದಿನ ಅನ್ನ ಕಲಸಿ ಅವರಿಗೆ ತುತ್ತು ಕೊಡುತ್ತಿದ್ದಾಗ ಕೇಳಿಯೇಬಿಟ್ಟಳು.

"ಅವತ್ತು ಯಾಕೆ ಹಂಗಂದ್ರಿ ಮಾವ? ನಿಮಗೆ ಗೊತ್ತಿರ್ಲಿಲ್ಲ ಅಂತ ಹೇಳ್ಬಹುದಿತ್ತು. ನನ್ನ ಹೆಸರು ಹೇಳ್ಬಹುದಿತ್ತು."

ಮಾವ ತುತ್ತನ್ನು ಪೂರ್ತಿ ಅಗಿದು ನುಂಗಿದರು.

"ನಂದೇ ತಪ್ಪು ಅಂದ್ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದೆ ನೋಡು," ಎಂದರು. "ನೀನು ಏನಾದ್ರೂ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಆಮೇಲೆ, ಮುಂದಿನ ತುತ್ತಿಗೆ ಬಾಯಿ ತೆರೆದರು.