ಹಳೆಯ ಕೇಬಲ್ಲು

ಕಾರ್ಡು ಕೊಡಿಸಿದವಳು ಲೊರೆಟ್ಟ ಎಂದು ತಿಳಿದಾಗ ಐಲಾ ಪಾತ್ರೆ ತೊಳೆಯುತ್ತಿದ್ದಳು. ಫೋನನ್ನು ಕಿಟಕಿಯ ಕಟ್ಟೆಗೆ ಒರಗಿಸಿಟ್ಟಿದ್ದಳು. ಮಗಳು ಕೈಸಾ ಆ ಕಡೆ ಕುಣಿಯುತ್ತಿದ್ದದ್ದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಅಮ್ಮಾ, ಹುಟ್ಟುಹಬ್ಬಕ್ಕೆ ಗ್ರಾಫಿಕ್ಸ್ ಕಾರ್ಡು! ಎರಡು ವರ್ಷದಿಂದ ಅಂಗಡಿ ಗಾಜಿಗೆ ಮೂಗು ಒತ್ಕೊಂಡು ನೋಡ್ತಿದ್ನಲ್ಲ, ಅದೇ!"

"ನಿಮ್ಮಪ್ಪ ಕೊಡಿಸಿದನಾ?"

"ಅಪ್ಪನಾ? ಅಪ್ಪನ ಹತ್ರ ಕಾರ್ಡು ಅಂದ್ರೆ ಇಸ್ಪೀಟು ತಂದಿಡ್ತಾನೆ. ಲೊರೆಟ್ಟ ಕೊಡಿಸಿದ್ಲು."

ಐಲಾ ಒಂದೇ ಬಟ್ಟಲನ್ನು ಮೂರು ಸಲ ತೊಳೆದಳು. ಗಂಡ ಡಗ್ ಬಿಟ್ಟುಹೋಗಿ ಏಳು ವರ್ಷವಾಗಿತ್ತು. ಅವನು ಹೋದದ್ದಕ್ಕೆ ಈಗ ಅವಳಿಗೆ ಹೇಳಿಕೊಳ್ಳುವಂಥ ದುಃಖವೇನೂ ಇರಲಿಲ್ಲ. ಆದರೆ ಕಾಲೇಜಿಗೆ ಹತ್ತಿರ ಎಂಬ ನೆಪದಲ್ಲಿ ಕೈಸಾ ಅಪ್ಪನ ಮನೆಯ ನೆಲಮಾಳಿಗೆಗೆ ಹೋದ ಮೇಲೆ, ಈಗ ಅವನ ಜೊತೆ ಆ ಮನೆಯಲ್ಲಿರುವ ಲೊರೆಟ್ಟಳ ಪ್ರತಿ ಒಳ್ಳೆಯತನವೂ ಅವಳಿಗೆ ಚುಚ್ಚುತ್ತಿತ್ತು. ಲೊರೆಟ್ಟ ಮಾಡಿದ ಸೂಪು, ಲೊರೆಟ್ಟ ಹೆಣೆದ ಕೈಗವಸು. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಫೋನು ಎತ್ತುವ ಕೆಲಸವಂತೆ ಅವಳದು, ನಗುವುದಕ್ಕೇ ಸಂಬಳ. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗಿತ್ತು!

ಈಗ ಅವಳು ಕಂಪ್ಯೂಟರಿನ ಒಳಕ್ಕೂ ಕೈ ಹಾಕಿದ್ದಳು.

ಆ ಕಂಪ್ಯೂಟರು ಆರು ವರ್ಷದ ಹಿಂದೆ ಇದೇ ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದ್ದು. ಆಗ ಕೈಸಾಗೆ ಹದಿನಾಲ್ಕು. ಅಪ್ಪ ಹೋದಮೇಲೆ ಯಾರೊಡನೆಯೂ ಮಾತಿಲ್ಲ. ಐಲಾ ಬಂದರಿನ ಧಾನ್ಯದ ಕಣಜದಲ್ಲಿ ಎಲೆಕ್ಟ್ರಿಷಿಯನ್. ಗೋಧಿಯ ಧೂಳಿನಲ್ಲಿ ಒಂದು ಕಿಡಿ ಹಾರಿದರೆ ಏನಾಗುತ್ತದೆಂದು ಇಪ್ಪತ್ತೆರಡು ವರ್ಷದಿಂದ ಬಲ್ಲವಳು. ಮಾತಿನಲ್ಲಿ ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಬಿಡಿಭಾಗಗಳನ್ನು ತಂದು ಮೇಜಿನ ಮೇಲೆ ಹರಡಿ, "ಹಿಡ್ಕೋ" ಎಂದಳು. ಪರೀಕ್ಷೆಗೆ ಕಳಿಸುವ ಕಾಳಿನ ಚೀಲ ಹೊಲಿಯುವ ಕೆಂಪು ದಾರದಿಂದ ಇಬ್ಬರೂ ಸೇರಿ ಕೇಬಲ್ಲುಗಳನ್ನು ಕಟ್ಟಿದರು. ನಾಲ್ಕನೆಯ ಸಂಜೆ ಮಗಳು ಬಾಯಿಬಿಟ್ಟಳು. "ಅಮ್ಮ, ಅಪ್ಪ ಹೋಗಿದ್ದು ನನ್ನಿಂದಲಾ?" ಆ ಪ್ರಶ್ನೆಗೆ ಐಲಾ ಕೊಟ್ಟ ಉತ್ತರವೂ ಆ ದಾರದ ಗಂಟುಗಳ ನಡುವೆಯೇ ಎಲ್ಲೋ ಇತ್ತು.

"ಆ ಕಾರ್ಡಿಗೆ ಬೇಕಾದಷ್ಟು ಕರೆಂಟು ಹಳೇ ಪವರ್ ಸಪ್ಲೈ ಕೊಡಲ್ಲ," ಎಂದಳು ಐಲಾ. ಹೇಳುವಾಗ ಸಣ್ಣದೊಂದು ಸಂತೋಷವಾಯಿತು.

"ಗೊತ್ತು. ಅದಕ್ಕೇ ಫೋನ್ ಮಾಡಿದ್ದು. ಸಪ್ಲೈ ನೀನೇ ಆರಿಸ್ಕೊಡಬೇಕು. ಬುಧವಾರ ಸಿನಿಮಾ ಒಪ್ಪಿಸಬೇಕಮ್ಮ. ಹಳೇ ಕಾರ್ಡಲ್ಲಿ ಉಳಿದಿರೋ ಒಂದೊಂದು ಫ್ರೇಮಿಗೂ ನಲವತ್ತು ನಿಮಿಷ ತಗೊಳ್ತಿದೆ. ಹೀಗಾದ್ರೆ ನಾನು ಮುದುಕಿಯಾದಾಗ ಮುಗಿಯತ್ತೆ."

ಏಳು ನಿಮಿಷದ ಅನಿಮೇಷನ್ ಸಿನಿಮಾ. ಹೆಪ್ಪುಗಟ್ಟಿದ ಸರೋವರದ ಮೇಲೆ ದಾರಿ ತಪ್ಪಿದ ಒಂದು ನೀರುನಾಯಿ. ಅದರ ಒಂದೊಂದು ಮೀಸೆಕೂದಲನ್ನೂ ಕೈಸಾ ಮೂರು ತಿಂಗಳು ಕೂತು ಮಾಡಿದ್ದಳು. ಅದರ ಮೇಲೆ ಅವಳ ಡಿಪ್ಲೊಮಾ ನಿಂತಿತ್ತು.

ಮರುದಿನ ಅಂಗಡಿಯಲ್ಲಿ ಮಾರುವವನು ಬಣ್ಣಬಣ್ಣದ ದೀಪ ಮಿನುಗುವ ಪವರ್ ಸಪ್ಲೈ ಪೆಟ್ಟಿಗೆಯೊಂದನ್ನು ಮುಂದಿಟ್ಟ. "ನೋಡಿ ಮೇಡಂ, ಎಂಟುನೂರ ಐವತ್ತು ವಾಟ್. ಎಲ್ಲ ಹುಡುಗರೂ ಇದನ್ನೇ ಒಯ್ತಾರೆ."

ಐಲಾ ಅದನ್ನು ಒಂದು ಕೈಯಲ್ಲಿ ಎತ್ತಿದಳು. "ಒಳಗೆ ಏನಿದೆ, ಗಾಳಿನಾ?"

"ಅಂದ್ರೆ?"

"ಇಷ್ಟು ಹಗುರ ಇದೆಯಲ್ಲಪ್ಪ." ಅವಳು ಪಕ್ಕದ ಚೀಟಿಯ ಸಣ್ಣ ಅಕ್ಷರವನ್ನು ಕನ್ನಡಕ ಏರಿಸಿ ಓದಿದಳು. ಹೊರಗೆ ದೊಡ್ಡದಾಗಿ ಬರೆದ ಅಂಕಿ ಬೇರೆ. ಕಾರ್ಡಿಗೆ ಬೇಕಾದ ಹನ್ನೆರಡು ವೋಲ್ಟಿನ ತಂತಿಯಲ್ಲಿ ನಿಜವಾಗಿ ಸಿಗುವುದು ಬೇರೆ. "ಇಲ್ಲಿ ಐನೂರಕ್ಕೇ ಏದುಸಿರು ಬಿಡ್ತಿದೆ. ಕಾರ್ಡೊಂದೇ ಮುನ್ನೂರು ಕುಡಿಯತ್ತೆ, ಒಮ್ಮೊಮ್ಮೆ ಕ್ಷಣಕಾಲ ಅದರ ಎರಡರಷ್ಟು. ಆಗ ಈ ದೀಪ ಏನ್ಮಾಡತ್ತೆ, ಮಿನುಗತ್ತಾ?"

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

ಅವಳು ಆರಿಸಿದ್ದು ಕಪ್ಪಗೆ, ಭಾರವಾಗಿ, ಮೂಕವಾಗಿದ್ದ ಒಂದು ಪೆಟ್ಟಿಗೆ. ಹತ್ತು ವರ್ಷದ ಖಾತರಿ. ಕಾರ್ಡಿಗೆ ಬೇಕಾದ ಹೊಸ ಬಗೆಯ ಸಪೂರ ಕೇಬಲ್ಲು ಜೊತೆಗೇ ಇತ್ತು. ನಡುವೆ ಇನ್ನೊಂದು ತುಂಡು ವೈರು ಜೋಡಿಸುವ ಗೋಜಿಲ್ಲ. ಇದ್ದುದರಲ್ಲಿ ಒಳ್ಳೆಯದು ಅದೇ. ಕಾರ್ಡು ಕಂಪ್ಯೂಟರಿನ ಗಾಜಿನ ಬಾಗಿಲ ಹಿಂದೆ ಹೊಳೆಯುತ್ತ ಕೂರುತ್ತದೆ. ಇದು ಕೆಳಗೆ ತಗಡಿನ ಮುಚ್ಚಳದೊಳಗೆ, ಯಾರ ಕಣ್ಣಿಗೂ ಬೀಳದೆ. ಕಾರಿನಲ್ಲಿ ಅದನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿದಾಗ, ಲೊರೆಟ್ಟಳ ಕಾರ್ಡಿಗೆ ಉಸಿರು ತನ್ನ ಪೆಟ್ಟಿಗೆಯದೇ ಎಂಬ ಯೋಚನೆ ಬಂದು ಅವಳಿಗೆ ಹಿತವಾಯಿತು. ಮರುಕ್ಷಣ ನಾಚಿಕೆಯಾಯಿತು.

"ಶನಿವಾರ ನೀನೇ ಬಂದು ಜೋಡಿಸ್ಕೊಡ್ತೀಯಲ್ಲ?" ಪೆಟ್ಟಿಗೆ ಒಯ್ಯಲು ಬಂದ ಕೈಸಾ ಕೇಳಿದಳು.

"ಕಾರ್ಡು ಕೊಡಿಸಿದವರು ಜೋಡಿಸ್ತಾರೆ ಬಿಡು."

"ಅಮ್ಮ, ಇದೇನು ಚಿಕ್ಕ ಮಕ್ಕಳ ಹಾಗೆ!"

"ನಂಗೆ ಶನಿವಾರ ಹಬೆಸ್ನಾನದ ಸೌನಾ ಒಲೆ ರಿಪೇರಿ ಇದೆ."

ಬೇರೆ ಯಾರಿಗಾದರೂ ಆಗಿದ್ದರೆ ಐಲಾ ಒಂದು ಮಾತನ್ನು ಮೂರು ಸಲ ಹೇಳಿ ಕಳಿಸುತ್ತಿದ್ದಳು: ಹಳೆಯ ಪೆಟ್ಟಿಗೆಯ ಒಂದು ಕೇಬಲ್ಲನ್ನೂ ಉಳಿಸಿಕೊಳ್ಳಬೇಡಿ. ತುದಿ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ತಂತಿಗಳ ಸಾಲು ಒಬ್ಬೊಬ್ಬ ತಯಾರಕನದು ಒಂದೊಂದು ಥರ. ಐದು ವೋಲ್ಟು ಹೋಗಬೇಕಾದಲ್ಲಿ ಹನ್ನೆರಡು ನುಗ್ಗಿ ಸುಟ್ಟುಹಾಕುತ್ತದೆ. ಆ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೈಸಾ, "ಲೊರೆಟ್ಟ ಎರಡು ದಿನದಿಂದ ವೀಡಿಯೊ ನೋಡಿ ಕಲೀತಿದಾಳೆ, ಪಾಪ," ಎಂದಳು. ಐಲಾ ಆ ಮಾತನ್ನು ನುಂಗಿಕೊಂಡಳು. ಕಲಿಯುತ್ತಿದ್ದಾಳಲ್ಲ, ಅದನ್ನೂ ಕಲಿಯಲಿ.

ಶನಿವಾರ ಮಧ್ಯಾಹ್ನದವರೆಗೆ ತಡೆದಳು. ಸೌನಾ ಒಲೆಗೆ ಏನೂ ಆಗಿರಲಿಲ್ಲ. ನುಂಗಿದ ಮಾತು ಎದೆಯಲ್ಲಿ ಸಿಕ್ಕಿಕೊಂಡು ಕೂತಿತ್ತು. "ಬಾಮ್ಮ, ಇನ್ನರ್ಧ ಗಂಟೇಲಿ ಆನ್ ಮಾಡ್ತೀವಿ," ಎಂದು ಮಗಳ ಸಂದೇಶ ಬಂದದ್ದೇ, ಬೂಟಿನ ಲೇಸನ್ನೂ ಕಟ್ಟದೆ ಹೊರಟಳು. ಆದರೂ ದಾರಿಯಲ್ಲಿ ಬೇಕರಿಯ ಮುಂದೆ ನಿಲ್ಲಿಸಿ, ಗುಲಾಬಿ ಸಕ್ಕರೆ ಮೆತ್ತಿದ ಪರ್ಷಿಯನ್ ಬನ್ನು ಆರು ಕಟ್ಟಿಸಿಕೊಂಡಳು. ಬರಿಗೈಯಲ್ಲಿ ಆ ಮನೆಗೆ ಹೋಗುವುದು ಅವಳಿಂದಾಗದು.

ಡಗ್ ಕರ್ಲಿಂಗ್ ಆಟಕ್ಕೆ ಹೋಗಿದ್ದ. ಲೊರೆಟ್ಟ ಬಾಗಿಲು ತೆರೆದಳು. ಮೂಗಿನ ಮೇಲೆ ಧೂಳು, ಕಿವಿಗೆ ಸಿಕ್ಕಿಸಿದ ಸ್ಕ್ರೂಡ್ರೈವರು. "ಬಂದ್ರಾ! ನೀವು ಬರೋವರೆಗೂ ಸ್ವಿಚ್ ಮುಟ್ಟಲ್ಲ ಅಂತ ಹಟ ಹಿಡಿದಿದ್ದೆ. ನೀವು ಬೈದ್ರೂ ಪರವಾಗಿಲ್ಲ, ಒಂದ್ಸಲ ನೋಡಿಬಿಡಿ."

"ನಾನ್ಯಾಕೆ ಬೈಲಿ," ಎಂದಳು ಐಲಾ.

ನೆಲಮಾಳಿಗೆಯಲ್ಲಿ ಕಂಪ್ಯೂಟರು ಪಕ್ಕದ ಬಾಗಿಲು ತೆರೆದುಕೊಂಡು ನಿಂತಿತ್ತು. ಕಾರ್ಡು ತುಂಬ ಚೆಂದವಿತ್ತು. ಅದರ ಸಪೂರ ಕೇಬಲ್ಲನ್ನು ಸೊಟ್ಟಗೆ ಬಗ್ಗಿಸದೆ, ಕೊನೆಯವರೆಗೆ ಒತ್ತಿ ಕೂರಿಸಿದ್ದರು. ಐಲಾ ತಪ್ಪು ಹುಡುಕುತ್ತ ಬಾಗಿದಳು. ತನಗೇ ಗೊತ್ತಿತ್ತು, ತಾನು ಹುಡುಕುತ್ತಿರುವುದು ತಪ್ಪನ್ನೇ ಎಂದು.

ಸಿಕ್ಕಿತು. ಕೆಳಮೂಲೆಯಲ್ಲಿ, ಮಾಡಿದ ಕೆಲಸವನ್ನೆಲ್ಲ ಕೂಡಿಡುವ ಎರಡೂ ಡ್ರೈವುಗಳಿಗೆ ಕರೆಂಟು ಒಯ್ಯುವ ಕೇಬಲ್ಲು. ಅದರ ಮೇಲೆ ಕೆಂಪು ದಾರದ ಗಂಟುಗಳು. ಉಳಿದವೆಲ್ಲ ಹೊಸವು, ಅದೊಂದು ಮಾತ್ರ ಹಳೆಯದು. ಆ ಕೆಲಸದ ಹೊಸ ಕೇಬಲ್ಲು ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬರದೆ ಮೇಜಿನ ಮೇಲೆ ಬಿದ್ದಿತ್ತು.

ಆ ಎರಡು ಡ್ರೈವುಗಳಲ್ಲಿ ಒಂದರಲ್ಲಿ ನೀರುನಾಯಿ ಇತ್ತು. ಇನ್ನೊಂದರಲ್ಲಿ ನೀರುನಾಯಿಯ ನಕಲು ಇತ್ತು.

"ಆನ್ ಮಾಡ್ಲಾ?" ಲೊರೆಟ್ಟ ಮುಂಬದಿಯ ಸ್ವಿಚ್ಚಿಗೆ ಬೆರಳು ಇಟ್ಟಳು. ಐಲಾಳ ಮುಖ ನೋಡಿದಳು.

ಐಲಾ ಮಾತಾಡಲಿಲ್ಲ. ಒಂದೇ ಕ್ಷಣದಲ್ಲಿ ಎಲ್ಲವೂ ಅವಳಿಗೆ ಕಂಡಿತು: ಸಣ್ಣ 'ಟಪ್' ಶಬ್ದ, ಸುಟ್ಟ ವಾಸನೆ, ಕೈಸಾಳ ಕಿರುಚಾಟ. ಆಮೇಲೆ ಲೊರೆಟ್ಟಳ ಕಡೆಗೆ ಮಗಳು ತಿರುಗಿ ನೋಡುವ ಆ ನೋಟ. ಆ ನೋಟ ಬೇಕಾಗಿತ್ತು ಅವಳಿಗೆ. ಏಳು ವರ್ಷದಿಂದ ಅದೊಂದಕ್ಕೇ ಹಸಿದಿದ್ದಳು. ಮಗಳು ಅತ್ತುಕೊಂಡು ತನ್ನ ಅಡುಗೆಮನೆಗೆ ಮರಳುತ್ತಾಳೆ, ತಾನು "ಹಿಡ್ಕೋ" ಎನ್ನುತ್ತೇನೆ, ಎಲ್ಲ ಮೊದಲಿನಿಂದ ಶುರುವಾಗುತ್ತದೆ.

ಲೊರೆಟ್ಟಳ ಬೆರಳು ಬಿಳುಚಿತು, ಒತ್ತುವುದರಲ್ಲಿತ್ತು.

"ಬೇಡ!"

ಲೊರೆಟ್ಟ ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಐಲಾ ಗೋಡೆಯಿಂದ ವೈರನ್ನೇ ಕಿತ್ತಳು. ಏದುಸಿರಿನಲ್ಲೇ ಕೇಬಲ್ಲಿನ ವಿಷಯ ಹೇಳಿದಳು, ಐದು, ಹನ್ನೆರಡು, ತಂತಿಗಳ ಸಾಲು. ಕೈಸಾ ಡ್ರೈವುಗಳ ಮುಂದೆ ಮಂಡಿಯೂರಿ ಬಗ್ಗಿ ನೋಡಿದಳು.

"ಅಯ್ಯೋ ದೇವರೇ. ಎರಡು ಡ್ರೈವೂ ಸುಟ್ಟುಹೋಗ್ತಿತ್ತಾ?"

"ಎರಡೂ."

"ತಪ್ಪು ನಂದು," ಎಂದಳು ಲೊರೆಟ್ಟ. "ಅವಳು ಎಲ್ಲಾ ಹೊಸದೇ ಹಾಕೋಣ ಅಂದ್ಲು. 'ಈ ಗಂಟು ನಿಮ್ಮಮ್ಮ ಹಾಕಿದ್ದಲ್ವಾ, ಇದೊಂದನ್ನ ಬಿಚ್ಚೋದು ಬೇಡ, ಹಾಗೇ ಇರ್ಲಿ' ಅಂತ ನಾನೇ ಅವಳಿಗೆ ಹೇಳ್ದೆ. ತುದಿ ಕೂತ್ಕೊಳ್ತಲ್ಲ, ಸರಿ ಇರತ್ತೆ ಅಂದ್ಕೊಂಡೆ."

ಐಲಾಳ ಕೆನ್ನೆಗೆ ಹೊಡೆದಂತಾಯಿತು.

ಕೈಸಾ ಎದ್ದು ಬಂದು ಅಮ್ಮನ ಕೊರಳಿಗೆ ಜೋತುಬಿದ್ದಳು. "ನೀನು ಬರದೇ ಇದ್ದಿದ್ರೆ! ನೀನು ನೋಡದೇ ಇದ್ದಿದ್ರೆ ಅಮ್ಮಾ!"

ಮಗಳ ಭುಜದ ಆಚೆಗೆ ಲೊರೆಟ್ಟಳ ಕಣ್ಣು ಐಲಾಳ ಕಣ್ಣನ್ನು ಸೇರಿತು. ಬೆರಳು ಸ್ವಿಚ್ಚಿನ ಮೇಲಿದ್ದಾಗ ತನ್ನ ಎದುರಿಗಿದ್ದ ಐಲಾಳ ಮುಖವನ್ನು ಲೊರೆಟ್ಟ ಓದಿದ್ದಳು. ಅದರಲ್ಲಿ ಸಂಶಯವಿರಲಿಲ್ಲ. ಐಲಾ ಕಾದಳು: ಈಗ ಮಗಳಿಗೆ ಹೇಳಿಬಿಡುತ್ತಾಳೆ.

"ನಿಮ್ಮಮ್ಮನ ಕಣ್ಣು ನೋಡು," ಎಂದಳು ಲೊರೆಟ್ಟ ಮೆಲ್ಲಗೆ. "ಬಗ್ಗಿದ ತಕ್ಷಣ ಕಂಡುಹಿಡಿದ್ರು."

ತಕ್ಷಣ. ತನ್ನನ್ನು ಉಳಿಸುವ ಆ ಸುಳ್ಳನ್ನೂ ಅವಳೇ ಕೊಟ್ಟಳು. ಸೂಪು, ಕೈಗವಸು, ಕಾರ್ಡು, ಈಗ ಇದು. ಐಲಾಗೆ ತಡೆಯಲಾಗಲಿಲ್ಲ. ಈ ಹೆಂಗಸಿನಿಂದ ಇದೊಂದನ್ನು ಪಡೆದುಕೊಂಡು ಬದುಕುವುದಕ್ಕಿಂತ, ಮಗಳ ಕೋಪವನ್ನು ಪಡೆದುಕೊಳ್ಳುವುದೇ ಲೇಸೆನಿಸಿತು.

"ತಕ್ಷಣ ಅಲ್ಲ," ಎಂದಳು.

"ಏನಮ್ಮ?"

"ಕಂಡಿದ್ದು ತಕ್ಷಣ. ಹೇಳಿದ್ದು ತಕ್ಷಣ ಅಲ್ಲ. ಸುಮ್ಮನೆ ನಿಂತಿದ್ದೆ. ಮೊನ್ನೆ ಪೆಟ್ಟಿಗೆ ಕೊಡುವಾಗಲೂ ಹೇಳಬೇಕಿತ್ತು, ಹೇಳಲಿಲ್ಲ."

ಕೈಸಾಳ ತೋಳು ಸಡಿಲವಾಯಿತು. "ಯಾಕೆ?"

ಐಲಾ ಲೊರೆಟ್ಟಳ ಕಡೆ ಗದ್ದ ಎತ್ತಿ ತೋರಿಸಿದಳು. ಅಷ್ಟೇ ಅವಳಿಂದಾದದ್ದು.

ಕೈಸಾ ಅಮ್ಮನನ್ನು ನೋಡಿದಳು, ಲೊರೆಟ್ಟಳನ್ನು ನೋಡಿದಳು. ಐಲಾ ಏಳು ವರ್ಷ ಹಸಿದಿದ್ದ ಆ ನೋಟ ಈಗ ಅವಳ ಮೇಲೇ ಬಿದ್ದಿತ್ತು.

"ನಿಮ್ಮಿಬ್ಬರ ಜಗಳದಲ್ಲಿ ನನ್ನ ನೀರುನಾಯಿ ಸಾಯ್ತಿತ್ತು," ಎಂದಳು ಕೊನೆಗೆ.

"ನಾವು ಜಗಳ ಆಡೇ ಇಲ್ವಲ್ಲೇ," ಎಂದಳು ಲೊರೆಟ್ಟ.

"ಅದೇ ತಪ್ಪು. ಆಡಿಬಿಡಬೇಕಿತ್ತು." ಕೈಸಾ ಮೂಗು ಒರೆಸಿಕೊಂಡು ಹೊಸ ಕೇಬಲ್ಲಿನ ಚೀಲವನ್ನು ಹಲ್ಲಿನಿಂದ ಹರಿದಳು. "ಅಮ್ಮ, ಆ ಗಂಟು ನೀನೇ ಬಿಚ್ಚು. ನಾನು ಬಿಚ್ಚಲ್ಲ."

ಐಲಾ ಮಂಡಿಯೂರಿದಳು. ದಾರ ಆರು ವರ್ಷದ ಬಿಸಿಗೆ ಗಟ್ಟಿಯಾಗಿತ್ತು. ಉಗುರಿನಿಂದ ಒಂದೊಂದೇ ಬಿಡಿಸಿ ಹಳೆಯದನ್ನು ಹೊರತೆಗೆದಳು, ಹೊಸದನ್ನು ಎರಡೂ ತುದಿಗೆ ಒತ್ತಿ ಕೂರಿಸಿದಳು. ಕಟ್ಟಲು ಅದೇ ದಾರವನ್ನು ತೆಗೆದುಕೊಂಡಾಗ ಎರಡು ಕೈ ಸಾಲಲಿಲ್ಲ. ಅಭ್ಯಾಸದಂತೆ "ಹಿಡ್ಕೋ" ಎಂದಳು.

ಕೈಸಾ ಅಲುಗಾಡಲಿಲ್ಲ, ಕೈಕಟ್ಟಿ ನಿಂತಿದ್ದಳು. ಬಗ್ಗಿ ಹಿಡಿದವಳು ಲೊರೆಟ್ಟ.

ಹಿಡಿದ ರೀತಿ ಸರಿಯಾಗಿತ್ತು. ಸಡಿಲವೂ ಅಲ್ಲ, ಬಿಗಿಯೂ ಅಲ್ಲ, ಗಂಟು ಬೀಳುವ ಕಡೆಯೇ ಬೆರಳು. ಯಾರೂ ಹೇಳಿಕೊಟ್ಟಿರಲಿಲ್ಲ. ಐಲಾಗೆ ಅದಕ್ಕೂ ಹೊಟ್ಟೆ ಉರಿಯಿತು. ಉರಿಯುತ್ತಲೇ ಗಂಟು ಹಾಕಿದಳು, ಎಳೆದು ನೋಡಿದಳು, ಇನ್ನೊಂದು ಹಾಕಿದಳು. ಎದ್ದು ವೈರನ್ನು ಮತ್ತೆ ಗೋಡೆಗೆ ಚುಚ್ಚಿದಳು.

"ಈಗ ಒತ್ತಿ," ಎಂದಳು ಲೊರೆಟ್ಟಳಿಗೆ.